ಕೊಡಗಿನ ವಸತಿ ಶಾಲೆಗೆ ಮಗುವನ್ನು ಸೇರಿಸುವವರಿಗೆ: ಹಾಸ್ಟೆಲ್ ನಿಯಮ, ಅದರ ಕಾರಣ, ಮಗುವಿನ ಹೊಣೆ

ಕೊಡಗಿನಲ್ಲಿ ಶಾಲೆ ತೆರೆಯುವುದೂ ಮುಂಗಾರು ಹಿಡಿಯುವುದೂ ಹೆಚ್ಚುಕಮ್ಮಿ ಒಟ್ಟಿಗೇ. ಆರನೇ ತರಗತಿಗೆ ಸೇರಿದ ಹತ್ತು ಹನ್ನೊಂದು ವರ್ಷದ ಮಗು ಟ್ರಂಕ್ ಸಮೇತ ಹಾಸ್ಟೆಲ್ ಮೆಟ್ಟಿಲು ಹತ್ತಿದ ಸ್ವಲ್ಪ ದಿನಕ್ಕೇ ಜಡಿಮಳೆ ಶುರು. ಅಲ್ಲಿಂದ ಸೆಪ್ಟೆಂಬರ್‌ವರೆಗೆ ನೆಟ್ಟಗೆ ಬಿಸಿಲು ಬೀಳುವ ದಿನಗಳು ಕಡಿಮೆ. ಬಯಲುಸೀಮೆಯ ಹಾಸ್ಟೆಲ್‌ಗಳಲ್ಲಿ ಸಡಿಲವಾಗಿ ನಡೆಯುವ ಎಷ್ಟೋ ನಿಯಮಗಳನ್ನು ಇಲ್ಲಿ ಬಿಗಿಯಾಗಿ ಪಾಲಿಸುವುದಕ್ಕೆ ಈ ಮಳೆ, ಚಳಿ, ಪಕ್ಕದ ಕಾಡು, ಘಟ್ಟದ ರಸ್ತೆ ಇವೇ ಕಾರಣ. ಕಾರಣ ತಿಳಿದ ಮಗು ಯಾರೂ ನೋಡದಿದ್ದರೂ ನಿಯಮ ಪಾಲಿಸುತ್ತದೆ. ಕಾರಣ ತಿಳಿಯದ ಮಗು ವಾರ್ಡನ್ ಎದುರಿಗಿದ್ದಾಗ ಮಾತ್ರ ಪಾಲಿಸುತ್ತದೆ. ಆದ್ದರಿಂದ ಕೆಳಗೆ ನಿಯಮಗಳನ್ನು ಕಾರಣದ ಸಮೇತ ಹೇಳಿದ್ದೇವೆ. ಪೋಷಕರು ಓದಿ, ಸೇರಿಸುವ ಮೊದಲೇ ಮಗುವಿನ ಜೊತೆ ಕುಳಿತು ಮಾತಾಡಿ.

ಮೊದಲು ನಿಯಮಪುಸ್ತಕ

ಜಿಲ್ಲೆಯಲ್ಲಿ ವಸತಿ ಶಾಲೆಗಳು ಬಗೆಬಗೆಯವು. ಮಡಿಕೇರಿ ಹತ್ತಿರ ಗಾಳಿಬೀಡಿನಲ್ಲಿ ಜವಾಹರ್ ನವೋದಯ ವಿದ್ಯಾಲಯವಿದೆ. ಕೂಡಿಗೆಯಲ್ಲಿ 2007ರಲ್ಲಿ ಶುರುವಾದ ಸೈನಿಕ ಶಾಲೆಯಿದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಹಾಡಿಯ (ಆದಿವಾಸಿ ಜನವಸತಿಯ) ಮಕ್ಕಳಿಗಾಗಿ ಇರುವ ಆಶ್ರಮ ಶಾಲೆಗಳು, ಇವಲ್ಲದೆ ಖಾಸಗಿ ಶಾಲೆಗಳು ಇವೆ. ನವೋದಯ, ಮೊರಾರ್ಜಿ ಶಾಲೆಗಳಲ್ಲಿ ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕ, ಸೋಪು ಎಣ್ಣೆಯಂಥವು ಶಾಲೆಯಿಂದಲೇ ಸಿಗುತ್ತವೆ. ಅಲ್ಲಿಗೆ ಸೇರಿಸುವವರು ಮುಂಚೆಯೇ ಅಂಗಡಿಗೆ ಹೋಗಿ ಎಲ್ಲವನ್ನೂ ಕೊಂಡರೆ ದುಡ್ಡು ದಂಡ. ಬೇರೆ ಕಡೆ ಶಾಲೆಯೇ ಪಟ್ಟಿ ಕೊಡುತ್ತದೆ. ಪಟ್ಟಿ ಕೈಗೆ ಬಂದ ಮೇಲೇ ಖರೀದಿ ಮಾಡಿ.

ದಾಖಲಾತಿ ದಿನ ಹತ್ತಾರು ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಅವಸರದಲ್ಲಿ ಸಹಿ ಹಾಕಿ ಬರುವವರೇ ಹೆಚ್ಚು. ಆಮೇಲೆ ಬರುವ ತಕರಾರುಗಳಲ್ಲಿ ಬಹುಪಾಲು ಅವತ್ತು ಓದದೆ ಬಿಟ್ಟ ಸಾಲಿನಿಂದಲೇ ಹುಟ್ಟುತ್ತವೆ. ನಿಯಮಪುಸ್ತಕದಲ್ಲಿ ಮುಖ್ಯವಾಗಿ ಹುಡುಕಬೇಕಾದ್ದು ನಾಲ್ಕು: ಮಗುವನ್ನು ನೋಡಲು ಬರುವ ದಿನ ಮತ್ತು ಫೋನ್ ಮಾಡುವ ದಿನ ಯಾವುದು, ಮಗುವನ್ನು ಯಾರ ಜೊತೆ ಕಳಿಸುತ್ತಾರೆ, ಒಡೆದದ್ದು ಕಳೆದದ್ದಕ್ಕೆ ಯಾರು ಎಷ್ಟು ಕೊಡಬೇಕು, ಮಧ್ಯದಲ್ಲಿ ಬಿಡಿಸಿದರೆ ಠೇವಣಿ ವಾಪಸ್ಸು ಉಂಟೋ ಇಲ್ಲವೋ. ಬರಹದಲ್ಲಿ ಇಲ್ಲದ್ದನ್ನು ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ.

ವೈದ್ಯಕೀಯ ಫಾರಂ ಬಗ್ಗೆ ಒತ್ತಿ ಹೇಳಬೇಕು. ಮಗುವಿಗೆ ಉಬ್ಬಸ, ಫಿಟ್ಸ್, ಅಲರ್ಜಿ, ರಾತ್ರಿ ಹಾಸಿಗೆಯಲ್ಲಿ ಮೂತ್ರ ಹೋಗುವುದು ಏನೇ ಇದ್ದರೂ ಬರೆಯಿರಿ. ಸೀಟು ತಪ್ಪೀತು, ಮಗುವಿಗೆ ಮುಜುಗರವಾದೀತು ಎಂದು ಮುಚ್ಚಿಡುವವರಿದ್ದಾರೆ. ಉಬ್ಬಸ ಇರುವ ಮಗುವಿಗೆ ಜುಲೈ ತಿಂಗಳ ಥಂಡಿ, ಗೋಡೆಯ ಬೂಷ್ಟು ಎರಡೂ ಕಷ್ಟ. ಮೊದಲೇ ತಿಳಿದಿದ್ದರೆ ನೀರು ಜಿನುಗುವ ಗೋಡೆಯಿಂದ ದೂರದ ಮಂಚ ಕೊಡುತ್ತಾರೆ, ಇನ್‌ಹೇಲರ್ ಕೈಗೆ ಸಿಗುವಲ್ಲಿ ಇಡುತ್ತಾರೆ. ಹಾಸಿಗೆ ಒದ್ದೆ ಮಾಡುವ ಮಗುವನ್ನು ರಾತ್ರಿ ಒಮ್ಮೆ ಮೆಲ್ಲಗೆ ಎಬ್ಬಿಸಿ ಕರೆದೊಯ್ಯಲು ಮೇಟ್ರನ್‌ಗೆ ಒಂದು ಮಾತು ಸಾಕು.

ಟ್ರಂಕಿನೊಳಗೆ ಏನಿರಬೇಕು

ಎಷ್ಟು ಬಟ್ಟೆ ಬೇಕೆಂಬುದು ಶಾಲೆ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಕುಶಾಲನಗರ, ಕೂಡಿಗೆ ಕಡೆ ಅದರ ಅರ್ಧವೂ ಇಲ್ಲ. ಬೆಟ್ಟದ ಮೇಲಿನ ಶಾಲೆಯಲ್ಲಿ ಒಗೆದ ಬಟ್ಟೆ ಒಣಗಲು ಮೂರು ನಾಲ್ಕು ದಿನ ಬೇಕಾದರೆ, ಕೆಳಗೆ ಒಂದೂವರೆ ದಿನ ಸಾಕಾಗಬಹುದು. ಬೆಟ್ಟದ ಮೇಲಿನ ಶಾಲೆಗೆ ಈ ಲೆಕ್ಕ ಇಟ್ಟುಕೊಳ್ಳಿ:

- ಒಳಉಡುಪು 10 ಜೊತೆ, ಬನಿಯನ್ 6
- ಕಾಲುಚೀಲ 8 ಜೊತೆ. ಪೂರ್ತಿ ಹತ್ತಿಯದ್ದು ಒಣಗುವುದಿಲ್ಲ, ನೈಲಾನ್ ಬೆರೆತದ್ದು ಬೇಗ ಒಣಗುತ್ತದೆ
- ಟವೆಲ್ 3, ತೆಳುವಾದದ್ದು. ದಪ್ಪ ಟರ್ಕಿ ಟವೆಲ್ ಜೂನ್‌ನಲ್ಲಿ ಒದ್ದೆಯಾದರೆ ವಾರವಿಡೀ ಒದ್ದೆ
- ಸ್ವೆಟರ್ 2, ರಾತ್ರಿಗೆ ಮಂಕಿ ಟೋಪಿ 1
- ಕಂಬಳಿ ಅಥವಾ ರಗ್ಗು 2, ಹಾಸಿಗೆ ಬಟ್ಟೆ 3, ದಿಂಬಿನ ಕವರ್ 3
- ಶಾಲೆಯ ಶೂ 1 ಜೊತೆ, ಕ್ಯಾನ್ವಾಸ್ 1 ಜೊತೆ, ರಬ್ಬರ್ ಚಪ್ಪಲಿ 2 ಜೊತೆ, ಅವಕಾಶವಿದ್ದರೆ ಗಮ್ ಬೂಟು
- ಮಡಚುವ ಕೊಡೆ 1, ರೇನ್‌ಕೋಟ್ 1
- ಪ್ಲಾಸ್ಟಿಕ್ ಬಕೆಟ್, ಮಗ್ಗು, ಹತ್ತು ಮೀಟರ್ ನೈಲಾನ್ ಹಗ್ಗ, ಬಟ್ಟೆ ಕ್ಲಿಪ್ 2 ಡಜನ್
- ಬೀಗ 1, ಕೀಲಿ 3: ಒಂದು ಮಗುವಿನ ಬಳಿ, ಒಂದು ವಾರ್ಡನ್ ಬಳಿ, ಒಂದು ಮನೆಯಲ್ಲಿ

ಕೊಡೆಗಿಂತ ರೇನ್‌ಕೋಟ್ ಮೇಲು. ಗಾಳಿ ಹೊಡೆದಾಗ ಕೊಡೆ ತಿರುಗಿ ಮುರಿಯುತ್ತದೆ, ಪುಸ್ತಕ ತೋಯುತ್ತದೆ. ಚರ್ಮದ ಬೆಲ್ಟು, ಚರ್ಮದ ಶೂ ಬೇಡ. ಎರಡು ವಾರ ಟ್ರಂಕಿನಲ್ಲಿ ಕೂತರೆ ಬಿಳಿ ಬೂಷ್ಟು ಹಿಡಿಯುತ್ತದೆ. ಟ್ರಂಕಿನ ತಳಕ್ಕೆ ಹಳೇ ದಿನಪತ್ರಿಕೆ ಹಾಸಿ, ಮೂಲೆಗೊಂದು ನುಸಿ ಗುಳಿಗೆ ಇಡಿ. ಪತ್ರಿಕೆಯನ್ನು ತಿಂಗಳಿಗೊಮ್ಮೆ ಬದಲಿಸುವುದು ಮಗುವಿನ ಕೆಲಸ. ನುಸಿ ಗುಳಿಗೆಯನ್ನು ಪೇಪರ್ಮಿಂಟ್ ಎಂದುಕೊಂಡು ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಹಾಗಾಗಿ ಬಟ್ಟೆಯಲ್ಲಿ ಕಟ್ಟಿ ಇಡಿ, ಏನೆಂದು ತಿಳಿಸಿ.

ಎಲ್ಲಕ್ಕೂ ಗುರುತು ಹಾಕಬೇಕು. ಒಂದು ಡಾರ್ಮಿಟರಿಯಲ್ಲಿ ನಲವತ್ತು ಮಕ್ಕಳ ಒಂದೇ ಬಣ್ಣದ ಅಂಗಿ ಒಂದೇ ಹಗ್ಗದಲ್ಲಿ ಒಣಗುತ್ತಿರುತ್ತವೆ. ಬರಿ ಹೆಸರು ಬರೆದರೆ ಸಾಲದು, ಒಂದೇ ಹೆಸರಿನ ಮೂವರು ಇದ್ದೇ ಇರುತ್ತಾರೆ. ಶಾಲೆ ಕೊಟ್ಟ ನಂಬರನ್ನು ಅಳಿಸದ ಲಾಂಡ್ರಿ ಮಾರ್ಕರ್‌ನಲ್ಲಿ ಬರೆಯಿರಿ, ಇಲ್ಲವೇ ಬಣ್ಣದ ದಾರದಲ್ಲಿ ಹೊಲಿಯಿರಿ. ಅಂಗಿಗೆ ಕಾಲರ್ ಒಳಗೆ, ಪ್ಯಾಂಟಿಗೆ ಸೊಂಟಪಟ್ಟಿ ಒಳಗೆ, ಕಾಲುಚೀಲಕ್ಕೆ ಅಂಗಾಲಿನಲ್ಲಿ. ಸಾಮಾನ್ಯ ಪೆನ್ನಿನ ಗುರುತು ಮೂರು ಒಗೆತಕ್ಕೆ ಮಾಯ. ಆಮೇಲೆ "ಅದು ನಂದು" ಎಂಬ ಜಗಳ ಕಳ್ಳತನದ ದೂರಿನವರೆಗೂ ಹೋಗುತ್ತದೆ.

ಮನೆಯಲ್ಲೇ ಕಲಿಸಿ ಕಳಿಸಬೇಕಾದ ಕೆಲಸ

ಸೇರುವ ಮೊದಲಿನ ಒಂದು ತಿಂಗಳು ರಜೆಯೇ ಇರುತ್ತದೆ. ಆ ಅವಧಿಯಲ್ಲಿ ಮಗು ತಾನಾಗಿ ಮಾಡಲು ಕಲಿಯಬೇಕಾದದ್ದು: ಹಾಸಿಗೆ ಮಡಚುವುದು, ಒಳಉಡುಪು ಮತ್ತು ಕಾಲುಚೀಲ ಒಗೆಯುವುದು, ತಟ್ಟೆ ಲೋಟ ತೊಳೆಯುವುದು, ಶೂ ಲೇಸು ಕಟ್ಟಿ ಪಾಲಿಶ್ ಹಾಕುವುದು, ಹೆಣ್ಣುಮಕ್ಕಳಾದರೆ ತಾವೇ ಜಡೆ ಹಾಕಿಕೊಳ್ಳುವುದು. ಮುಟ್ಟು ಇನ್ನೂ ಶುರುವಾಗದಿದ್ದರೂ ಅದು ಏನು, ಪ್ಯಾಡ್ ಹೇಗೆ ಬಳಸುವುದು, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಎಲ್ಲಿ ಹಾಕುವುದು ಎಂದು ಅಮ್ಮನೇ ಹೇಳಿ ಕಳಿಸಬೇಕು. ಹಾಸ್ಟೆಲ್‌ನಲ್ಲಿ ಮೊದಲ ಸಲ ಆದಾಗ ಯಾರಿಗೂ ಹೇಳದೆ ಹೆದರಿ ಕೂರುವ ಮಕ್ಕಳಿದ್ದಾರೆ. ಪ್ಯಾಡ್ ಶೌಚಕ್ಕೆ ಹಾಕಿದರೆ ಪೈಪು ಕಟ್ಟಿ, ಇಡೀ ಬ್ಲಾಕಿನವರು ಮಳೆಯಲ್ಲಿ ಪಕ್ಕದ ಕಟ್ಟಡಕ್ಕೆ ಓಡಬೇಕಾಗುತ್ತದೆ.

ದಿನಚರಿ

ಶಾಲೆಯಿಂದ ಶಾಲೆಗೆ ಅರ್ಧ ಗಂಟೆ ಆಚೀಚೆ. ಬೆಳಿಗ್ಗೆ ಐದೂವರೆಗೆ ಎದ್ದು, ಆರಕ್ಕೆ ಪಿ.ಟಿ., ಸ್ನಾನ, ತಿಂಡಿ, ತರಗತಿ. ಸಂಜೆ ಆಟ, ರೋಲ್ ಕಾಲ್, ಪ್ರಾರ್ಥನೆ, ಓದಿನ ಅವಧಿ, ಊಟ, ಮತ್ತೆ ಸ್ವಲ್ಪ ಓದು, ಒಂಬತ್ತೂವರೆ ಹತ್ತಕ್ಕೆ ದೀಪ ಆರಿಸುವುದು.

ಇದರಲ್ಲಿ ಹೆಚ್ಚು ಎಡವಟ್ಟಾಗುವುದು ಸ್ನಾನದ ಹೊತ್ತಿನಲ್ಲಿ. ಮಳೆಗಾಲದಲ್ಲಿ ಸೋಲಾರ್ ನೀರು ಬೆಚ್ಚಗೂ ಆಗುವುದಿಲ್ಲ. ಸೌದೆ ಒಲೆಯ ಬಾಯ್ಲರ್ ಇದ್ದ ಕಡೆ ತಲೆಗೆ ಒಂದು ಬಕೆಟ್ ಲೆಕ್ಕ. ಮೊದಲು ಬಂದವರು ಎರಡು ಬಕೆಟ್ ಹಿಡಿದರೆ ಕೊನೆಯವರಿಗೆ ತಣ್ಣೀರು, ಆ ಕೊನೆಯವರು ಯಾವಾಗಲೂ ಚಿಕ್ಕ ತರಗತಿಯವರೇ. ಆದ್ದರಿಂದ ಸರದಿ ಪಟ್ಟಿ ಗೋಡೆಗೆ ಅಂಟಿಸಿರುತ್ತಾರೆ. ಅದನ್ನು ಮೀರುವುದು ಸಣ್ಣ ತಪ್ಪಲ್ಲ. ಬಿಸಿನೀರಿನ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿ ಹಾಕುವ ಅಭ್ಯಾಸ ಮಾಡಿಸಿ. ಕುದಿನೀರಿನ ಬಕೆಟ್ ಹಿಡಿದು ಒದ್ದೆ ಮೆಟ್ಟಿಲಲ್ಲಿ ನಡೆಯುವಾಗ ಜಾರಿದರೆ ಸುಡುವುದು ಕಾಲು.

ಓದಿನ ಅವಧಿಯಲ್ಲಿ ಸುಮ್ಮನಿರುವುದು ಮಗುವಿನ ಮೊದಲ ಹೊಣೆ. ತನಗೆ ಓದಲು ಮನಸ್ಸಿಲ್ಲದಿದ್ದರೂ ಪಕ್ಕದವನ ಓದು ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಜನರೇಟರ್ ಇಲ್ಲದ ಕಡೆ ಎಲ್ಲರೂ ಒಂದೇ ಹಾಲ್‌ನಲ್ಲಿ ಎಮರ್ಜೆನ್ಸಿ ದೀಪದಡಿ ಕೂರುತ್ತಾರೆ. ಮೇಣದಬತ್ತಿ ಡಾರ್ಮಿಟರಿಯಲ್ಲಿ ಹಚ್ಚುವಂತಿಲ್ಲ.

ಬಟ್ಟೆ ಒಣಗಿಸುವುದು

ಹೊರಗಿನವರಿಗೆ ಇದು ಕ್ಷುಲ್ಲಕವಾಗಿ ಕಾಣಬಹುದು. ಮಳೆಗಾಲದ ಹಾಸ್ಟೆಲ್‌ನಲ್ಲಿ ಮಕ್ಕಳ ಆರೋಗ್ಯ ನಿಂತಿರುವುದೇ ಇದರ ಮೇಲೆ.

ವಾರಕ್ಕೊಮ್ಮೆ ರಾಶಿ ಒಗೆಯುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ದಿನಕ್ಕೆ ಒಂದು ಜೊತೆ ಒಳಉಡುಪು, ಒಂದು ಜೊತೆ ಕಾಲುಚೀಲ, ಎರಡು ದಿನಕ್ಕೊಂದು ಅಂಗಿ, ಹೀಗೆ ಸ್ವಲ್ಪ ಸ್ವಲ್ಪ ಒಗೆಯಬೇಕು. ಸೋಪು ಕಡಿಮೆ ಹಾಕಿ, ಚೆನ್ನಾಗಿ ಜಾಲಿಸಿ. ಸೋಪಿನ ಅಂಶ ಉಳಿದ ಬಟ್ಟೆ ತೇವ ಬಿಡುವುದಿಲ್ಲ, ಮೈಯೂ ಕೆರೆಯುತ್ತದೆ. ಹಿಂಡಿದ ಮೇಲೆ ಒಣ ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಸುತ್ತಿ ಇನ್ನೊಮ್ಮೆ ಹಿಂಡಿ. ಉಳಿದ ನೀರಿನಲ್ಲಿ ಒಳ್ಳೇ ಪಾಲು ಟವೆಲ್‌ಗೆ ಬರುತ್ತದೆ. ಹಗ್ಗದ ಮೇಲೆ ಬಟ್ಟೆಯ ಒಳಬದಿ ಹೊರಗೆ ಮಾಡಿ, ನಡುವೆ ನಾಲ್ಕು ಬೆರಳಿನ ಜಾಗ ಬಿಡಿ. ಪ್ಯಾಂಟನ್ನು ಸೊಂಟದ ಕಡೆಯಿಂದ, ಕಾಲುಚೀಲವನ್ನು ಬೆರಳಿನ ಕಡೆಯಿಂದ ಕ್ಲಿಪ್ ಹಾಕಿ. ಒಂದರ ಮೇಲೊಂದು ಹಾಕಿದರೆ ನಾಲ್ಕು ದಿನ ಕಳೆದರೂ ಮಧ್ಯದ್ದು ಹಸಿಯಾಗೇ ಇರುತ್ತದೆ.

ಅರ್ಧ ಒಣಗಿದ್ದನ್ನು ಮಡಚಿ ಟ್ರಂಕಿಗೆ ತುಂಬುವುದು ಎಲ್ಲ ಮಕ್ಕಳೂ ಮಾಡುವ ತಪ್ಪು. ಶನಿವಾರದ ತಪಾಸಣೆಗೆ ಹಗ್ಗ ಖಾಲಿ ಕಾಣಲಿ ಎಂದು ಹಾಗೆ ಮಾಡುತ್ತಾರೆ. ಎರಡೇ ದಿನಕ್ಕೆ ಕಮಟು ವಾಸನೆ, ವಾರದಲ್ಲಿ ಕಪ್ಪು ಚುಕ್ಕೆ. ಆ ಚುಕ್ಕೆ ಆಮೇಲೆ ಯಾವ ಸೋಪಿಗೂ ಹೋಗುವುದಿಲ್ಲ. ಹಸಿ ಒಳಉಡುಪು ಹಾಕಿಕೊಂಡರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ. ನಾಚಿಕೆಯಿಂದ ಹೇಳದೆ, ಗೆಳೆಯನ ಬಳಿಯಿರುವ ಯಾವುದೋ ಮುಲಾಮು ಹಚ್ಚಿಕೊಳ್ಳುತ್ತಾರೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ನಿಂತ ಹಾಗೆ ಅನಿಸಿ, ನಂತರ ದುಪ್ಪಟ್ಟು ಹರಡುತ್ತದೆ. ಮಗುವಿಗೆ ಇದನ್ನು ಬಿಡಿಸಿ ಹೇಳಿ: ಎಲ್ಲಿ ಕೆರೆದರೂ ನಾಚಿಕೆ ಬೇಡ, ಮೊದಲ ದಿನವೇ ನರ್ಸ್‌ಗೆ ತೋರಿಸು.

ಶೂ ಒದ್ದೆಯಾದರೆ ಒಳಗಿನ ಅಟ್ಟೆ ತೆಗೆದು, ದಿನಪತ್ರಿಕೆ ಉಂಡೆ ಮಾಡಿ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಬದಲಿಸಿದರೆ ಬೆಳಿಗ್ಗೆಗೆ ಹಾಕಿಕೊಳ್ಳುವಷ್ಟು ಒಣಗಿರುತ್ತದೆ. ಒಲೆ ಪಕ್ಕ ಇಟ್ಟರೆ ಅಂಟು ಬಿಟ್ಟು ತಳ ಕಳಚುತ್ತದೆ.

ಬೆಂಕಿ, ಕರೆಂಟ್

ಕೊಡಗಿನ ಹಳೇ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಕೆಂಡದ ಮೇಲೆ ಬುಟ್ಟಿ ಕವಿಚಿ ಬಟ್ಟೆ ಒಣಗಿಸುವುದುಂಟು. ಮನೆಯಲ್ಲಿ ಕಂಡದ್ದನ್ನು ಮಕ್ಕಳು ಹಾಸ್ಟೆಲ್‌ನಲ್ಲೂ ಮಾಡಹೋಗುತ್ತಾರೆ. ಹಳೇ ಮನೆಯ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿರುತ್ತದೆ. ಚಳಿಗೆ ಕಿಟಕಿ ಮುಚ್ಚಿದ ಕಾಂಕ್ರೀಟ್ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಕೆಂಡ, ಇದ್ದಿಲು, ಅಗ್ಗಿಷ್ಟಿಕೆ ಯಾವುದೂ ಮಲಗುವ ಕೋಣೆಗೆ ಬರಕೂಡದು. ಈ ನಿಯಮಕ್ಕೆ ವಿನಾಯಿತಿಯಿಲ್ಲ. ಬಟ್ಟೆ ಒಣಗಿಸಲು ಶಾಲೆಯವರೇ ಬೇರೆ ಕೋಣೆ ಮಾಡಿರುತ್ತಾರೆ, ಅಲ್ಲಿನ ಒಲೆಯನ್ನು ಸಿಬ್ಬಂದಿ ನೋಡಿಕೊಳ್ಳುತ್ತಾರೆ.

ನೀರು ಕಾಯಿಸುವ ರಾಡ್, ಇಸ್ತ್ರಿ ಪೆಟ್ಟಿಗೆ, ಕೆಟಲ್ ತಂದರೆ ಜಪ್ತಿ ಮಾಡುತ್ತಾರೆ. ಥಂಡಿ ಗೋಡೆಯ ಪ್ಲಗ್ ಪಾಯಿಂಟ್, ಒದ್ದೆ ಕೈ, ಕಬ್ಬಿಣದ ಮಂಚ ಮೂರೂ ಸೇರಿದರೆ ಒಂದು ಸಣ್ಣ ಸೋರಿಕೆಯೂ ಪ್ರಾಣ ತೆಗೆಯುತ್ತದೆ. ಸೊಳ್ಳೆ ಬತ್ತಿ ಹಾಸಿಗೆ ಪಕ್ಕ ಇಡುವಂತಿಲ್ಲ, ಸೊಳ್ಳೆಪರದೆ ಕಟ್ಟಿಕೊಳ್ಳಬಹುದು.

ಮೆಸ್‌ನಲ್ಲಿ

ಕೈ ಸೋಪಿನಲ್ಲಿ ತೊಳೆದು ಸಾಲಿನಲ್ಲಿ ನಿಲ್ಲುವುದು, ಬೇಕಾದಷ್ಟೇ ಹಾಕಿಸಿಕೊಳ್ಳುವುದು, ಬಿಟ್ಟರೆ ಬಡಿಸಿಕೊಟ್ಟವರ ಮುಂದೆಯೇ ಚೆಲ್ಲುವುದು, ತಟ್ಟೆ ತಾನೇ ತೊಳೆಯುವುದು. ಮೆಸ್ ಸಮಿತಿಯಲ್ಲಿ ಮಕ್ಕಳೂ ಇರುತ್ತಾರೆ. ಅಕ್ಕಿ ಬೇಳೆ ತೂಗುವಾಗ ಎದುರು ನಿಂತು ಸಹಿ ಹಾಕುವ ಸರದಿ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಊಟದಲ್ಲಿ ಹುಳ, ಹಳಸಿದ ವಾಸನೆ ಇದ್ದರೆ ತಟ್ಟೆ ಸಮೇತ ಆಗಲೇ ತೋರಿಸಬೇಕು. ರಾತ್ರಿ ಕೋಣೆಯಲ್ಲಿ ಕೂತು ಗೊಣಗಿದರೆ ಪ್ರಯೋಜನವಿಲ್ಲ. ಕುಡಿಯಲು ಕುದಿಸಿ ಆರಿಸಿದ ನೀರು ಮಾತ್ರ. ಮೊದಲ ಮಳೆಗೆ ತೋಡು (ತೊರೆ), ಬಾವಿಯ ನೀರೆಲ್ಲ ಕದಡುತ್ತದೆ, ವಾಂತಿ ಭೇದಿ ಹೆಚ್ಚುವುದು ಆಗಲೇ.

ನೋಡಲು ಬರುವ ಭಾನುವಾರ ಮನೆಯಿಂದ ಕಡಂಬುಟ್ಟು, ಹಂದಿಕರಿ, ಕೋಳಿ ಸಾರು ಹೊತ್ತು ತರುವುದು ಪ್ರೀತಿಯ ಮಾತು, ಯಾರೂ ಬೇಡ ಅನ್ನುವುದಿಲ್ಲ. ಭೇಟಿಯ ಜಾಗದಲ್ಲಿ ಕೂರಿಸಿ ತಿನ್ನಿಸಿ, ಉಳಿದದ್ದನ್ನು ವಾಪಸ್ಸು ಒಯ್ಯಿರಿ. ಡಾರ್ಮಿಟರಿಗೆ ಕೊಟ್ಟು ಕಳಿಸಿದರೆ ಇಲಿ, ಇರುವೆ ಬರುತ್ತವೆ. ಮರುದಿನ ಹಳಸಿದ್ದನ್ನು ನಾಲ್ಕು ಮಕ್ಕಳು ಹಂಚಿ ತಿಂದು ನಾಲ್ವರೂ ಮಲಗುತ್ತಾರೆ. ಒಂದೇ ಕೋಣೆಯಲ್ಲಿ ಹಂದಿ ತಿನ್ನುವವರೂ, ಮುಟ್ಟದವರೂ, ಮೊಟ್ಟೆಯನ್ನೂ ತಿನ್ನದವರೂ ಇರುತ್ತಾರೆ. ಆ ಮಕ್ಕಳ ಮನಸ್ಸಿಗೆ ನೋವಾಗದಂತೆ ನಡೆದುಕೊಳ್ಳುವುದನ್ನು ದೊಡ್ಡವರೇ ತೋರಿಸಿಕೊಡಬೇಕು. ಚಕ್ಕುಲಿ, ಕೋಡುಬಳೆಯಂಥ ಒಣ ತಿಂಡಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕೊಡಬಹುದು.

ಹುಷಾರಿಲ್ಲದಾಗ

ಯಾವ ಮಾತ್ರೆಯೂ ಮಗುವಿನ ಟ್ರಂಕಿನಲ್ಲಿ ಇರಕೂಡದು, ವೈದ್ಯರ ಚೀಟಿಯ ಸಮೇತ ಸಿಕ್ ರೂಮಿಗೆ ಕೊಡಬೇಕು. "ಜ್ವರ ಬಂದರೆ ನುಂಗು" ಎಂದು ಅಮ್ಮ ಕೊಟ್ಟ ಪ್ಯಾರಾಸಿಟಮಾಲ್ ಮಗು ಗುಟ್ಟಾಗಿ ನುಂಗುತ್ತದೆ, ಗಂಟೆ ಬಿಟ್ಟು ನರ್ಸ್ ಅದೇ ಮಾತ್ರೆ ಕೊಡುತ್ತಾರೆ. ಇಲ್ಲವೇ ಗೆಳೆಯನಿಗೆ ಹಂಚುತ್ತದೆ. ಜ್ವರ ಮೇಲೆ ಕಾಣದೆ ಇಲಿಜ್ವರ, ಡೆಂಗಿಯಂಥವು ತಡವಾಗಿ ಗೊತ್ತಾಗುತ್ತವೆ.

ಭೇದಿಗೆ ಓ.ಆರ್.ಎಸ್. ಕೊಡುವಾಗ ಪ್ಯಾಕೆಟ್ ಮೇಲೆ ಬರೆದಷ್ಟು ನೀರಿಗೇ ಪೂರ್ತಿ ಪುಡಿ ಹಾಕಬೇಕು, ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್. ಒಂದು ಲೋಟಕ್ಕೆ ಅರ್ಧ ಪ್ಯಾಕೆಟ್ ಸುರಿದು ಕುಡಿದರೆ ಉಪ್ಪಿನ ಅಂಶ ಅತಿಯಾಗಿ ತೊಂದರೆ ಹೆಚ್ಚುತ್ತದೆ. ಬೆರೆಸಿದ್ದನ್ನು 24 ಗಂಟೆ ದಾಟಿದ ಮೇಲೆ ಚೆಲ್ಲಬೇಕು.

ಕಜ್ಜಿ ಬಂದರೆ ಒಬ್ಬನಿಗೆ ಮದ್ದು ಹಚ್ಚಿ ಫಲವಿಲ್ಲ. ಆ ಕೋಣೆಯ ಎಲ್ಲರಿಗೂ ಒಂದೇ ರಾತ್ರಿ, ವೈದ್ಯರು ಹೇಳಿದಂತೆ ಕತ್ತಿನಿಂದ ಕೆಳಗೆ ಬೆರಳ ಸಂದಿ ಬಿಡದೆ ಹಚ್ಚಬೇಕು. ಬೆಳಿಗ್ಗೆ ಹಾಸಿಗೆ ಬಟ್ಟೆ, ಟವೆಲ್ ಬಿಸಿನೀರಿನಲ್ಲಿ ಒಗೆಯಬೇಕು. ಒಬ್ಬ ತಪ್ಪಿಸಿಕೊಂಡರೂ ಮೂರು ವಾರಕ್ಕೆ ಮತ್ತೆ ಎಲ್ಲರೂ ಕೆರೆಯುತ್ತಿರುತ್ತಾರೆ. ಹೇನಿಗೂ ಇದೇ ಮಾತು. ಬಾಚಣಿಗೆ, ಟವೆಲ್, ಒಳಉಡುಪು ಹಂಚಿಕೊಳ್ಳಬಾರದೆಂಬ ನಿಯಮ ಅದಕ್ಕೇ.

ಆಟದ ಮೈದಾನದಿಂದ ಬಂದ ಮಗು ಕಾಲಿನ ಜಿಗಣೆ ನೋಡಿ ಕಿರುಚುತ್ತದೆ, ಎಳೆದು ಕೀಳುತ್ತದೆ. ಎಳೆಯಬೇಡ ಅನ್ನಿ. ಕಚ್ಚಿದ ತುದಿಯ ಪಕ್ಕ ಉಗುರು ಇಟ್ಟು ಅಡ್ಡಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿದೆ, ಹಾಗಾಗಿ ಬಿಟ್ಟ ಮೇಲೂ ಸುಮಾರು ಹೊತ್ತು ರಕ್ತ ಜಿನುಗುತ್ತದೆ. ಸೋಪಿನಲ್ಲಿ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದರೆ ಸಾಕು.

ಗೇಟು, ರಜೆ, ಹಬ್ಬ

ಸಂಜೆ ಆರರೊಳಗೆ ಎಲ್ಲರೂ ಗೇಟಿನೊಳಗಿರಬೇಕು. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಕಾಫಿ ತೋಟಗಳಲ್ಲಿ ಆನೆಗಳು ಓಡಾಡುವುದು ಹೆಚ್ಚಾಗಿ ಮುಸ್ಸಂಜೆ, ನಸುಕಿನಲ್ಲಿ. ತೋಟದ ನಡುವಿನ ಅಡ್ಡದಾರಿಯಲ್ಲಿ ಪೇಟೆಗೆ ಹೋಗಿ ಬರುವ ಹುಡುಗರಿಗೆ ಹತ್ತು ಮಾರಿನ ಆಚೆ ಏನಿದೆಯೆಂದು ಕಾಣುವುದಿಲ್ಲ. ಬೇಲಿ ಹಾರಿ ಹೋಗುವುದನ್ನು ಎಲ್ಲ ಶಾಲೆಗಳೂ ದೊಡ್ಡ ತಪ್ಪೆಂದೇ ಎಣಿಸುತ್ತವೆ.

ಮಗುವನ್ನು ಕರೆದೊಯ್ಯಲು ಫೋಟೊ ಸಮೇತ ಹೆಸರು ಕೊಟ್ಟ ತಂದೆ, ತಾಯಿ, ಸ್ಥಳೀಯ ಪೋಷಕರು ಇವರೇ ಬರಬೇಕು. ಸ್ವಂತ ಚಿಕ್ಕಪ್ಪನೇ ಬಂದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಳಿಸುವುದಿಲ್ಲ. ಸಿಟ್ಟು ಮಾಡಿಕೊಳ್ಳಬೇಡಿ, ಆ ಗಟ್ಟಿತನ ನಿಮ್ಮ ಮಗುವಿನ ರಕ್ಷಣೆಗೇ. ಬೇರೆ ಜಿಲ್ಲೆಯವರು ಸ್ಥಳೀಯ ಪೋಷಕರನ್ನು ಆರಿಸುವಾಗ, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಎದ್ದು ಶಾಲೆಗೆ ಹೋಗಬಲ್ಲವರೇ ಎಂದು ನೋಡಿ. ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿಲೋಮೀಟರ್ ರಸ್ತೆ, ನೀವು ತಲುಪುವ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಇರಬೇಕು.

ಹಬ್ಬದ ರಜೆಗೆ ವಾರ ಮುಂಚೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಕೈಲ್‌ಪೊಳ್ದ್ ಸೆಪ್ಟೆಂಬರ್ ಆರಂಭಕ್ಕೆ, ಕಾವೇರಿ ಸಂಕ್ರಮಣ ಅಕ್ಟೋಬರ್ ಮಧ್ಯಕ್ಕೆ ಬರುವುದರಿಂದ ಮೊದಲೇ ಯೋಜಿಸಬಹುದು. ಭತ್ತದ ಸುಗ್ಗಿ ಹಬ್ಬವಾದ ಪುತ್ತರಿಗೆ ಹಾಗಲ್ಲ, ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಗದಿಯಾಗಬೇಕು. ಕದಿರು ತೆಗೆಯುವುದು ರಾತ್ರಿ, ಅಂದರೆ ಮಗು ಒಂದು ರಾತ್ರಿಯಾದರೂ ಮನೆಯಲ್ಲಿರಬೇಕು. ಮುಹೂರ್ತ ಪ್ರಕಟವಾದ ದಿನವೇ ಅರ್ಜಿ ಹಾಕಿ, ಹೊರಡುವ ಹೊತ್ತು, ವಾಪಸ್ಸಾಗುವ ಹೊತ್ತು ಎರಡೂ ಬರೆಯಿರಿ. ಮುಸ್ಸಂಜೆಗೆ ಮೊದಲೇ ಮಗುವನ್ನು ತಲುಪಿಸಿ. ರಜೆ ಮುಗಿದು ಎರಡು ದಿನ ತಡವಾಗಿ ಬರುವ ಮಗು ಮನೆಯ ನೆನಪಿನಿಂದ ಹೊರಬರಲು ಮತ್ತೆ ವಾರ ತೆಗೆದುಕೊಳ್ಳುತ್ತದೆ, ಪಾಠವೂ ತಪ್ಪಿರುತ್ತದೆ.

ಫೋನ್, ದುಡ್ಡು, ಮನೆಯ ನೆನಪು

ಮೊಬೈಲ್ ನಿಷೇಧ, ಸ್ಮಾರ್ಟ್ ವಾಚ್ ಸಹ. ವಾರಕ್ಕೊಮ್ಮೆ ಶಾಲೆಯ ಫೋನಿನಲ್ಲಿ ಐದು ಹತ್ತು ನಿಮಿಷ ಮಾತಾಡಿಸುತ್ತಾರೆ. ಗುಟ್ಟಾಗಿ ಫೋನ್ ಕೊಟ್ಟು ಕಳಿಸುವ ಪೋಷಕರೇ ಇದ್ದಾರೆ. ಅದು ಸಿಕ್ಕಿಬಿದ್ದ ದಿನ ಬೈಸಿಕೊಳ್ಳುವುದು ಮಗು. ಡಾರ್ಮಿಟರಿಯಲ್ಲಿ ಬಟ್ಟೆ ಬದಲಿಸುತ್ತಿರುವ ಮಕ್ಕಳ ಫೋಟೊ ತೆಗೆಯುವ ಸಾಧ್ಯತೆಯೇ ಈ ನಿಯಮದ ಮುಖ್ಯ ಕಾರಣ. ಕೈಖರ್ಚಿನ ಹಣ ವಾರ್ಡನ್ ಬಳಿ ಪುಸ್ತಕದಲ್ಲಿ ಬರೆಸಿ ಇಡಬೇಕು. ಒಡವೆ ಬೇಡ.

ಮೊದಲ ಮೂರು ವಾರ ಮಗು ಅಳುತ್ತದೆ. ಹೆಚ್ಚಾಗಿ ಅಳುವುದು ಸಂಜೆ ಆಟ ಮುಗಿದು ದೀಪ ಹತ್ತುವ ಹೊತ್ತಿನಲ್ಲಿ. ಫೋನಿನಲ್ಲಿ "ಬರುವ ವಾರ ಬಂದು ಕರ್ಕೊಂಡು ಹೋಗ್ತೇನೆ" ಎಂಬ ಸುಳ್ಳು ಭರವಸೆ ಕೊಡಬೇಡಿ, ಮಗು ಆ ವಾರವಿಡೀ ಗೇಟು ನೋಡುತ್ತಾ ಕೂರುತ್ತದೆ. "ತಿಂಗಳ ಕೊನೇ ಭಾನುವಾರ ಹತ್ತು ಗಂಟೆಗೆ ಬರ್ತೇವೆ" ಎಂದು ಹೇಳಿ, ಹೇಳಿದ ಹೊತ್ತಿಗೆ ಬನ್ನಿ. ಏನು ತಿಂದೆ ಎಂದು ಕೇಳುವ ಬದಲು ಯಾರ ಜೊತೆ ಕೂತು ತಿಂದೆ ಎಂದು ಕೇಳಿ. ಗೆಳೆತನವಾಗಿದೆಯೋ ಇಲ್ಲವೋ ಅದರಲ್ಲೇ ತಿಳಿಯುತ್ತದೆ. ಆರು ವಾರ ಕಳೆದರೂ ಊಟ ಬಿಡುವುದು, ನಿದ್ದೆ ಬಾರದಿರುವುದು, ಹಾಸಿಗೆ ಒದ್ದೆಯಾಗುವುದು ಹೊಸದಾಗಿ ಶುರುವಾದರೆ ಮನೆಯ ನೆನಪು ಎಂದು ತಳ್ಳಿಹಾಕದೆ ಶಾಲೆಗೆ ಹೋಗಿ ವಿಚಾರಿಸಿ.

ದೊಡ್ಡ ತರಗತಿಯವರು, ಶಿಕ್ಷೆ, ದೂರು

ಚಿಕ್ಕವರು ದೊಡ್ಡ ತರಗತಿಯವರನ್ನು ಅಣ್ಣ, ಅಕ್ಕ ಅನ್ನುತ್ತಾರೆ. ಹೌಸ್ ಕ್ಯಾಪ್ಟನ್ ಹೇಳಿದ ಡ್ಯೂಟಿ, ಅಂದರೆ ಕಸ ಗುಡಿಸುವುದು, ಡಾರ್ಮಿಟರಿಗೆ ನೀರು ತುಂಬಿಸುವುದು, ರೋಲ್ ಕಾಲ್‌ಗೆ ಸಾಲು ನಿಲ್ಲಿಸುವುದು ಮಾಡಬೇಕಾದ್ದೇ. ಆದರೆ ಕ್ಯಾಪ್ಟನ್‌ನ ಸ್ವಂತ ಬಟ್ಟೆ ಒಗೆಯುವುದು, ಅವನ ತಟ್ಟೆ ತೊಳೆಯುವುದು, ತನ್ನ ತಿಂಡಿ ಒಪ್ಪಿಸುವುದು ಡ್ಯೂಟಿಯಲ್ಲ. ಈ ಗೆರೆ ಎಲ್ಲಿದೆಯೆಂದು ಮಗುವಿಗೆ ಮೊದಲ ದಿನವೇ ಸ್ಪಷ್ಟವಾಗಿರಬೇಕು. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಪ್ರಕಾರ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ. ಹಾಕಿ ಸ್ಟಿಕ್ಕುಗಳನ್ನು ಆಟ ಮುಗಿದೊಡನೆ ಕ್ರೀಡಾ ಕೋಣೆಗೆ ಎಣಿಸಿ ಒಪ್ಪಿಸಬೇಕೆಂಬ ನಿಯಮವೂ ಇದೇ ಕಾರಣಕ್ಕೆ. ಜಗಳದ ಹೊತ್ತಿನಲ್ಲಿ ಅದು ಕೈಗೆ ಸಿಗಬಾರದು.

ತಪ್ಪಿಗೆ ಶಾಲೆ ಕ್ರಮ ತೆಗೆದುಕೊಳ್ಳಬಹುದು: ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಲಿಖಿತ ಎಚ್ಚರಿಕೆ, ಪೋಷಕರನ್ನು ಕರೆಸುವುದು, ಸವಲತ್ತು ಕಡಿತ, ಕೆಲ ದಿನ ಮನೆಗೆ ಕಳಿಸುವುದು. ಹೊಡೆಯುವಂತಿಲ್ಲ, ಊಟ ತಪ್ಪಿಸುವಂತಿಲ್ಲ, ಮಳೆಯಲ್ಲಿ ನಿಲ್ಲಿಸುವಂತಿಲ್ಲ, ಎಲ್ಲರೆದುರು ಅವಮಾನ ಮಾಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. "ನಮ್ಮ ಕಾಲದಲ್ಲಿ ಹೊಡೀತಿದ್ರು, ನಾವು ಸರಿಯಾದೆವು" ಎಂದು ಪೋಷಕರೇ ವಾರ್ಡನ್‌ಗೆ ಅನುಮತಿ ಕೊಟ್ಟು ಬರುವುದು ಇನ್ನೂ ನಿಂತಿಲ್ಲ. ದಯವಿಟ್ಟು ಹಾಗೆ ಹೇಳಬೇಡಿ. ಆ ಮಾತು ಕೇಳಿದ ಮಗು ಮುಂದೆ ಏನೇ ಆದರೂ ನಿಮಗೆ ಹೇಳುವುದಿಲ್ಲ.

ಯಾರಾದರೂ ಮೈಮುಟ್ಟಿ ತೊಂದರೆ ಕೊಟ್ಟರೆ, ಅದು ದೊಡ್ಡ ಹುಡುಗನಾಗಲಿ, ಸಿಬ್ಬಂದಿಯಾಗಲಿ, ಮಗು ತಾನು ನಂಬುವ ಒಬ್ಬ ದೊಡ್ಡವರಿಗೆ ಕೂಡಲೇ ಹೇಳಬೇಕು. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಒಳಗೇ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ಎರಡು ನಂಬರ್ ಮಗುವಿಗೆ ಬಾಯಿಪಾಠವಾಗಿರಲಿ.

ಜೋರು ಮಳೆಯ ದಿನ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಬಂದ್ ಆದ ಮೇಲೆ ಜಿಲ್ಲೆಯಲ್ಲಿ ಮಳೆಗಾಲವನ್ನು ನೋಡುವ ರೀತಿಯೇ ಬದಲಾಗಿದೆ. ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದರೆಂದು ಹಾಸ್ಟೆಲ್ ಮಗುವನ್ನು ಕರೆತರಲು ಕಾರು ಹತ್ತಬೇಡಿ. ಪಾಠಕ್ಕೆ ರಜೆ, ಹಾಸ್ಟೆಲ್ ನಡೆಯುತ್ತಲೇ ಇರುತ್ತದೆ. ಮರ ಬೀಳುವ, ದರೆ (ಪಕ್ಕದ ಕಡಿದಾದ ಮಣ್ಣಿನ ಏರು) ಕುಸಿಯುವ ರಸ್ತೆಗಿಂತ ಮಗು ಕಟ್ಟಡದೊಳಗೇ ಕ್ಷೇಮ. ಮೊಬೈಲ್ ಟವರ್ ಕೆಟ್ಟು ಒಂದೆರಡು ದಿನ ಫೋನ್ ಸಿಗದಿರಬಹುದು. ಶಾಲೆಯ ಎರಡು ಬೇರೆ ಬೇರೆ ಕಂಪನಿಯ ನಂಬರ್‌ಗಳನ್ನು, ಸಾಧ್ಯವಾದರೆ ಲ್ಯಾಂಡ್‌ಲೈನ್ ಸಮೇತ, ಜೂನ್‌ಗೆ ಮೊದಲೇ ಬರೆದಿಟ್ಟುಕೊಳ್ಳಿ.

ಮಗುವಿಗೆ ತಿಳಿಸಬೇಕಾದದ್ದು: ಬೆಲ್ ಹೊಡೆದು ಸೇರಲು ಹೇಳಿದರೆ ಟ್ರಂಕು, ಶೂ ಹುಡುಕುತ್ತಾ ನಿಲ್ಲಬಾರದು, ಸ್ವೆಟರ್ ಹಾಕಿಕೊಂಡು ಹೊರಡಬೇಕು. ತನ್ನ ಮಂಚದ ಎಡ ಬಲದ ಇಬ್ಬರು ಬಂದಿದ್ದಾರೋ ನೋಡಬೇಕು, ಬರದಿದ್ದರೆ ಕ್ಯಾಪ್ಟನ್‌ಗೆ ಹೇಳಬೇಕು. ಕಟ್ಟಡದ ಹಿಂದಿನ ದರೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಂಪು ನೀರಿನ ಒರತೆ, ವಾಲಿದ ಮರ ಕಂಡರೆ ಚಿಕ್ಕ ಮಗುವಾದರೂ ಸರಿ, ಕೂಡಲೇ ವಾರ್ಡನ್‌ಗೆ ತಿಳಿಸಬೇಕು.

ವರ್ಷದ ಕೊನೆಗೆ

ಪರೀಕ್ಷೆ ಮುಗಿದ ಮೇಲೆ ಮಾರ್ಚ್ ಏಪ್ರಿಲ್‌ನಲ್ಲಿ ಒಳ್ಳೇ ಬಿಸಿಲಿರುತ್ತದೆ. ಹಾಸಿಗೆ, ದಿಂಬು, ಕಂಬಳಿಯನ್ನು ಎರಡು ಪೂರ್ತಿ ದಿನ ಬಿಸಿಲಿಗೆ ಹಾಕಿ, ಎರಡೂ ಮಗ್ಗುಲು ಬಡಿದು ಒಳಗಿಡಬೇಕು. ಲೈಬ್ರರಿ ಪುಸ್ತಕ, ಕ್ರೀಡಾ ಸಾಮಾನು, ಮಂಚ, ಕಪಾಟು, ಕೀಲಿ ಒಪ್ಪಿಸಿ ನೋ ಡ್ಯೂ (ಬಾಕಿ ಏನೂ ಇಲ್ಲವೆಂಬ) ಫಾರಂಗೆ ಪ್ರತಿ ವಿಭಾಗದ ಸಹಿ ತೆಗೆದುಕೊಳ್ಳುವುದು ಮಗುವಿನದೇ ಕೆಲಸ. ಒಡೆದ ಕಿಟಕಿ ಗಾಜು ಯಾರದೆಂದು ಗೊತ್ತಾಗದಿದ್ದರೆ ಖರ್ಚು ಇಡೀ ಕೋಣೆಯವರಿಗೆ ಬೀಳುತ್ತದೆ, ಆದ್ದರಿಂದ ಒಡೆದ ದಿನವೇ ರಿಜಿಸ್ಟರಿನಲ್ಲಿ ಬರೆಸಿರಬೇಕು. ಟ್ರಂಕನ್ನು ಹಾಸ್ಟೆಲ್‌ನಲ್ಲೇ ಬಿಟ್ಟು ಹೋಗುವುದಾದರೆ ಒಂದು ಎಳೆ ಬಟ್ಟೆಯೂ ಉಳಿಯದಂತೆ ಖಾಲಿ ಮಾಡಿ, ಒಳಗೆ ಒರೆಸಿ, ಮುಚ್ಚಳಕ್ಕೆ ಹೆಸರು, ನಂಬರ್, ಮುಂದಿನ ತರಗತಿ ಬರೆದು ಅಂಟಿಸಿ. ಪಟ್ಟಿಯಲ್ಲಿ ಬದಲಾದ ಫೋನ್ ನಂಬರ್, ವಿಳಾಸ, ಸ್ಥಳೀಯ ಪೋಷಕರ ಹೆಸರು ಇದ್ದರೆ ಅವತ್ತೇ ಕಚೇರಿಯಲ್ಲಿ ತಿದ್ದಿಸಿ ಹೊರಡಿ.